ಗಂಡು ಗಿಡ ಇದ್ರೆ ಸಾಲದು, ಯಾವ ಗಂಡು ಅಂತ ಕೇಳಬೇಕು

ನಾನು ಕೆಲಸ ಮಾಡೋದು ನ್ಯೂಜೆರ್ಸಿಯ ಒಂದು ನರ್ಸರೀಲಿ, ಇಲ್ಲಿನ ಕಾಡುಗಿಡಗಳನ್ನೇ ಬೆಳೆಸಿ ಮಾರ್ತೀವಿ. ನವೆಂಬರ್ ಬಂತಂದ್ರೆ ಎಲ್ಲರ ಕಣ್ಣೂ ವಿಂಟರ್‌ಬೆರಿ ಮೇಲೆ. ಇದೂ ಹಾಲಿ (holly) ಅನ್ನೋ ಗಿಡದ ಜಾತೀದೇ, ಆದ್ರೆ ಕ್ರಿಸ್‌ಮಸ್ ಕಾರ್ಡಲ್ಲಿರೋ ಮುಳ್ಳೆಲೆಯದ್ದಲ್ಲ, ಇದರ ಎಲೆ ಪೂರ್ತಿ ಉದುರಿಹೋಗಿ ಕೊಂಬೆ ತುಂಬ ಬರೀ ಕೆಂಪು ಹಣ್ಣು ನಿಂತಿರುತ್ತೆ. ಜನ ಹಣ್ಣಿರೋ ಕುಂಡ ಎತ್ಕೊಂಡು ಸೀದಾ ಬಿಲ್ ಮಾಡ್ಸೋಕೆ ಹೋಗ್ತಾರೆ.

ಅಲ್ಲೇ ತಡೀಬೇಕು ಅನ್ನೋದು ನಾನು ಈ ಕೆಲಸದಲ್ಲಿ ಕಲ್ತಿದ್ದು. ಪಪ್ಪಾಯಿ ಥರ ಇದ್ರಲ್ಲೂ ಗಂಡು ಬೇರೆ ಹೆಣ್ಣು ಬೇರೆ, ಹಣ್ಣು ಬಿಡೋದು ಹೆಣ್ಣು ಮಾತ್ರ. ಪಕ್ಕದಲ್ಲಿರೋ ಗಂಡು ಗಿಡ ಆ ಸೀಸನ್ನಲ್ಲಿ ಒಣಕಡ್ಡಿ ಹಾಗೆ ಕಾಣುತ್ತಲ್ಲ, ಅದನ್ನ ಯಾರೂ ಮೂಸಿ ನೋಡಲ್ಲ.

ಮೊನ್ನೆ ನಮ್ಮ ಕನ್ನಡದವರೇ ಒಬ್ರು ಅಂಕಲ್ ಬಂದಿದ್ರು. "ಏನಮ್ಮಾ, ತಗೊಂಡೋದಾಗ ಅಷ್ಟು ಹಣ್ಣಿತ್ತು, ಆಮೇಲೆ ಒಂದೂ ಬಿಟ್ಟಿಲ್ಲ, ಗೊಬ್ಬರ ಹಾಕಿ ಹಾಕಿ ಸಾಕಾಯ್ತು."

"ಗಂಡು ಗಿಡ ಇದೆಯಾ ಅಂಕಲ್?"

"ಇದೆಯಲ್ಲಾ, ಜಿಮ್ ಡ್ಯಾಂಡಿ!"

ಅದು ಒಂದು ಗಂಡು ತಳಿಯ ಹೆಸರು. ಹೆಣ್ಣು ಯಾವ ತಳಿ ಅಂದ್ರೆ ವಿಂಟರ್ ರೆಡ್. ಸರಿ, ಗೊತ್ತಾಯ್ತು. ಜಿಮ್ ಡ್ಯಾಂಡಿ ಬೇಗ ಹೂ ಬಿಡುತ್ತೆ, ವಿಂಟರ್ ರೆಡ್ ತಡವಾಗಿ, ಎರಡೂ ಒಟ್ಟಿಗೆ ಅರಳಿದ್ರೆ ತಾನೇ ಜೇನುನೊಣ ಇಲ್ಲಿಂದ ಅಲ್ಲಿಗೆ ಪರಾಗ ಒಯ್ಯೋದು. ವಿಂಟರ್ ರೆಡ್‌ಗೆ ಸದರ್ನ್ ಜೆಂಟಲ್‌ಮನ್ ಅನ್ನೋ ಗಂಡು ಬೇಕು, ಜಿಮ್ ಡ್ಯಾಂಡಿ ಸರಿಹೋಗೋದು ರೆಡ್ ಸ್ಪ್ರೈಟ್ ಅನ್ನೋ ಗಿಡ್ಡ ಹೆಣ್ಣಿಗೆ. 50 ಅಡಿ ಒಳಗಿದ್ರೆ ಒಂದು ಗಂಡು ಐದಾರು ಹೆಣ್ಣಿಗೆ ಸಾಕು.

ಟ್ಯಾಗ್ ಕಳೆದುಹೋಗಿದ್ರೆ ಜೂನ್‌ವರೆಗೆ ಕಾದು ಹೂವನ್ನೇ ನೋಡಿ. ಕಾಲಿಂಚು ಅಗಲದ ಬಿಳಿ ಹೂವು, ಎಲೆ ಬುಡದಲ್ಲಿ ಅಡಗಿರುತ್ತೆ. ನಡುವೆ ದಪ್ಪಗೆ ಹಸಿರು ಮಣಿ ಕೂತಿದ್ರೆ ಹೆಣ್ಣು. ಮಣಿ ಎದ್ದು ಕಾಣದೆ ಹಳದಿ ಪರಾಗದ ಕೇಸರ ಮಾತ್ರ ಇದ್ದು, ಹೂವೂ ಗೊಂಚಲು ಗೊಂಚಲಾಗಿದ್ರೆ ಗಂಡು.

ಜೌಗು ನೆಲದ ಗಿಡ ಇದು, ಹುಳಿ ಮಣ್ಣೇ ಬೇಕು, ಸಿಮೆಂಟ್ ಗೋಡೆ ಬುಡದಲ್ಲಿ ಸುಣ್ಣದಂಶ ಜಾಸ್ತಿಯಾಗಿ ಎಲೆ ಹಳದಿ ಆಗುತ್ತೆ. ಸವರೋದಿದ್ರೆ ಚಳಿಗಾಲದ ಕೊನೇಲಿ, ಚಿಗುರೋಕೆ ಮುಂಚೆ, ಯಾಕಂದ್ರೆ ಹೂ ಬರೋದು ಹೊಸ ಚಿಗುರಲ್ಲಿ. ಹಣ್ಣನ್ನ ಮಕ್ಕಳು, ನಾಯಿ ತಿಂದ್ರೆ ಹೊಟ್ಟೆ ಕೆಡುತ್ತೆ, ಅದನ್ನೂ ಹೇಳಿಯೇ ಮಾರ್ತೀವಿ.

ಹಕ್ಕಿಗಳೇ ಬರ್ತಿಲ್ಲ ಅಂತ ಡಿಸೆಂಬರಲ್ಲೇ ಫೋನ್ ಮಾಡೋರಿದ್ದಾರೆ. ಕೊಬ್ಬಿನಂಶ ಕಮ್ಮಿ ಇರೋ ಹಣ್ಣು, ಹಕ್ಕಿಗಳು ಮೊದಲು ಬೇರೆದನ್ನ ಮುಗಿಸ್ತಾವೆ. ಹಿಮ ಬಿದ್ದು ಇನ್ನೇನೂ ಸಿಗದಾಗ ರಾಬಿನ್, ಬ್ಲೂಬರ್ಡ್, ಸೀಡರ್ ವ್ಯಾಕ್ಸ್‌ವಿಂಗ್ ಹಿಂಡು ಬಂದಿಳಿದ್ರೆ ಮುಗೀತು, ನೋಡ್ತಾ ನೋಡ್ತಾ ಗಿಡ ಖಾಲಿ. ಆಗ "ಎಲ್ಲಾ ತಿಂದುಬಿಟ್ವು" ಅಂತ ಮತ್ತೆ ಅವರದ್ದೇ ಫೋನು!

ಈಗ ಪ್ರತಿ ಹೆಣ್ಣಿನ ಸಾಲಲ್ಲೂ ಅದಕ್ಕೆ ಹೊಂದೋ ಗಂಡನ್ನ ಪಕ್ಕದಲ್ಲೇ ಇಡ್ತೀವಿ. ಅಂಕಲ್ ಸದರ್ನ್ ಜೆಂಟಲ್‌ಮನ್ ತಗೊಂಡ್ರು, ಹಣ್ಣೇ ಬಿಡದ ಗಿಡಕ್ಕೂ ಅದೇ ರೇಟಾ ಅಂತ ಚೌಕಾಸಿ ಮಾಡಿಯೇ.