ಅವರಿಗೆ ನಮ್ಮ ಕೂಗು ಕೇಳಿಸುತ್ತದಾ?

"ಮಿಸ್, ರೊನಾಲ್ಡೊಗೆ ನಾವು ಇದ್ದೀವಿ ಅಂತ ಗೊತ್ತಿರುತ್ತಾ?"

ಎಂಟನೇ ಕ್ಲಾಸಿನ ಹುಡುಗ ಕೇಳಿದ ಪ್ರಶ್ನೆ. ಗಾಜನೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಾನೆ. ಏಳನೇ ನಂಬರಿನ ಜೆರ್ಸಿಯನ್ನು ಯೂನಿಫಾರ್ಮಿನ ಒಳಗೆ ಹಾಕಿಕೊಂಡಿರುತ್ತಾನೆ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಫುಟ್ಬಾಲ್ ಹುಚ್ಚು ಇದೆ ಅಂತ ಮಕ್ಕಳಿಗೆಲ್ಲ ಗೊತ್ತು. ಅದಕ್ಕೇ ಇಂಥ ಪ್ರಶ್ನೆಗಳು ನನ್ನ ಹತ್ತಿರ ಬರುತ್ತವೆ. "ಒಬ್ಬೊಬ್ಬರಾಗಿ ಗೊತ್ತಿರಲ್ಲ, ಒಟ್ಟಾಗಿ ಗೊತ್ತಿರುತ್ತೆ" ಅಂದೆ. ಅವನಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಯಾಕೆಂದರೆ ಈ ವಿಷಯ ನಮ್ಮ ಮನೆಯಲ್ಲೇ ಬೆಳೆದದ್ದು.

ನನ್ನ ಅಣ್ಣ ಗೋಲ್‌ಕೀಪರ್. ಭದ್ರಾವತಿಯ ನ್ಯೂಟೌನ್ ಮೈದಾನದಲ್ಲಿ ಆಟ ಕಲಿತು, ಬೆಂಗಳೂರಿನ ಲೀಗಿನಲ್ಲಿ ದುಡ್ಡು ತಗೊಂಡು ಆಡಿದವನು. ದೊಡ್ಡ ಹೆಸರೇನೂ ಅಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ಕೆಲಸಕ್ಕೆ ಸೇರಿದ. ಈಗಲೂ ಚಾಂಪಿಯನ್ಸ್ ಲೀಗ್ ಇದ್ದ ರಾತ್ರಿ ಹನ್ನೆರಡೂವರೆ, ಒಂದೂವರೆಗೆ ಎದ್ದು ಇಬ್ಬರೂ ಟಿವಿ ಮುಂದೆ ಕೂರುತ್ತೇವೆ. ಅಂಥ ಒಂದು ರಾತ್ರಿ, ಕರೆಂಟು ಹೋಗಿ ಟಿವಿ ಆರಿದಾಗ, ಕೇಳಿದೆ.

"ಅಣ್ಣ, ಜನ ಬೈಯೋದು ನಿಂಗೆ ಕೇಳಿಸ್ತಿತ್ತಾ?"

"ಚೆಂಡು ಬರೋವಾಗ ಏನೂ ಕೇಳಿಸಲ್ಲ ಮಾರಾಯ್ತಿ. ಚೆಂಡು ಆ ಕಡೆ ಹೋಯ್ತಲ್ಲ, ಆಗ ಒಂದೊಂದು ಮಾತೂ ಕೇಳಿಸುತ್ತೆ."

ಗೋಲ್‌ಕೀಪರ್ ಪಾಡು ನೋಡಿ. ಬೇರೆಯವರು ಓಡುತ್ತಾ ಇರುತ್ತಾರೆ, ಉಸಿರಾಟದ ಸದ್ದೇ ಜಾಸ್ತಿ ಇರುತ್ತದೆ. ಇವನು ಮಾತ್ರ ಒಂದೇ ಕಡೆ ನಿಂತು ಕಾಯಬೇಕು. ಬೆಂಗಳೂರು ಫುಟ್ಬಾಲ್ ಸ್ಟೇಡಿಯಂ ದೊಡ್ಡದಲ್ಲ. ಅಶೋಕನಗರದಲ್ಲಿದೆ. ಲೀಗ್ ಮ್ಯಾಚಿಗೆ ಬರುವವರೂ ಸ್ವಲ್ಪ ಜನ. ಆಸ್ಟಿನ್ ಟೌನ್, ಗೌತಮಪುರದ ಕಡೆಯ ಹಿರಿಯರು. ಆ ಕೇರಿಗಳಿಗೆ ಫುಟ್ಬಾಲ್ ನಿನ್ನೆ ಮೊನ್ನೆಯದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2–1ರಲ್ಲಿ ಸೋತಿತಲ್ಲ, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಹಾಗಾಗಿ ಅಲ್ಲಿ ಕೂರುವವರಿಗೆ ಆಟ ಗೊತ್ತು. ಸುಮ್ನೆ ಬೈಯುವುದಿಲ್ಲ, ತಪ್ಪು ಹಿಡಿದು ಬೈಯುತ್ತಾರೆ.

ಮಂಕಿ ಕ್ಯಾಪ್ ಹಾಕಿಕೊಂಡು ಕಡಲೆಕಾಯಿ ತಿನ್ನುತ್ತಾ ಕೂರುತ್ತಿದ್ದ ಒಬ್ಬ ತಾತನ ಕಥೆಯನ್ನು ಅಣ್ಣ ಹೇಳಿದ. ಯಾವ ಮ್ಯಾಚಾದರೂ ಸರಿ, ತಾತ ತಮಿಳಿನಲ್ಲಿ ಶುರು ಮಾಡುತ್ತಿದ್ದ: ನಿಯರ್ ಪೋಸ್ಟ್ (ಚೆಂಡು ಇರುವ ಕಡೆಯ ಗೋಲು ಕಂಬ) ಬಿಟ್ಟು ಎಲ್ಲೋ ನಿಂತಿದ್ದೀಯಲ್ಲ, ನಿನ್ನ ಕಾಲಿಗೇನಾಗಿದೆ? ಭದ್ರಾವತಿಯಲ್ಲಿ ಬೆಳೆದವನಿಗೆ ತಮಿಳು ಅರ್ಥವಾಗದೇ ಇರುತ್ತದಾ. ಮೊದಮೊದಲು ಅಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತಂತೆ. ಆಮೇಲೆ ಕೋಚ್ ಕೂಡ ಅದನ್ನೇ ಹೇಳಿದರು. ಹತ್ತಿರದ ಕಂಬದಿಂದ ಒಂದು ಹೆಜ್ಜೆ ಜಾಸ್ತಿ ದೂರ ನಿಲ್ಲುತ್ತಿದ್ದದ್ದು ನಿಜವೇ. ಒಮ್ಮೆ ಬೆರಳು ಮುರಿದು ಅಣ್ಣ ಹೊರಗೆ ಕೂತ. ತಾತ ಗೇಟಿನ ಹತ್ತಿರ ಬಂದು, "ಆ ಉದ್ದನೆ ಹುಡುಗ ಎಲ್ಲಿ?" ಅಂತ ವಿಚಾರಿಸಿಕೊಂಡು ಹೋದನಂತೆ. ವಾಪಸ್ ಆಡಲು ಇಳಿದ ದಿನ ಮತ್ತೆ ಅದೇ ಬೈಗುಳ.

"ಆವತ್ತು ಬೈಸಿಕೊಂಡಾಗ ಆದಷ್ಟು ಖುಷಿ ನಂಗೆ ಕಪ್ ಗೆದ್ದಾಗಲೂ ಆಗಿಲ್ಲ" ಅಂದ.

ಇನ್ನೊಂದು ಮಾತನ್ನೂ ಹೇಳಿದ. ಇಪ್ಪತ್ತು ಸಾವಿರ ಜನ ಕೂಗಿದರೆ ಅದು ಬರೀ ಸದ್ದು. ನಲವತ್ತು ಜನ ಇದ್ದರೆ ನಲವತ್ತು ಮುಖ. ಸದ್ದನ್ನು ಮರೆಯಬಹುದು, ಮುಖ ಮರೆಯೋದು ಕಷ್ಟ.

ನಾವು ಅಭಿಮಾನಿಗಳು ಯಾವಾಗಲೂ ನಮ್ಮ ಪ್ರೀತಿಯ ಬಗ್ಗೆಯೇ ಮಾತಾಡುತ್ತೇವೆ. ಎಷ್ಟು ಪ್ರೀತಿಸ್ತೀವಿ, ಎಷ್ಟು ಅಳ್ತೀವಿ, ಎಷ್ಟು ಖರ್ಚು ಮಾಡ್ತೀವಿ. ಆ ಕಡೆಯವರಿಗೆ ಏನು ಬೇಕು ಅಂತ ಕೇಳುವುದೇ ಕಡಿಮೆ. ನನ್ನ ಪ್ರಕಾರ ಅವರಿಗೆ ಬೇಕಿರುವುದು ಹೊಗಳಿಕೆ ಅಲ್ಲ. ನಾವು ಅಲ್ಲಿ ಇರಬೇಕು, ಆಟವನ್ನು ನೋಡಬೇಕು, ಅಷ್ಟೇ.

ಇದನ್ನು ನಮ್ಮ ಸುನಿಲ್ ಛೆಟ್ರಿ ಬಾಯಿಬಿಟ್ಟೇ ಹೇಳಿದ್ದಾರೆ. 2018ರ ಜೂನ್ 1, ಮುಂಬೈ, ಚೈನೀಸ್ ತೈಪೇ ವಿರುದ್ಧ ಮ್ಯಾಚ್. ಭಾರತ 5–0ರಲ್ಲಿ ಗೆದ್ದಿತು, ಛೆಟ್ರಿ ಹ್ಯಾಟ್ರಿಕ್. ಸ್ಟೇಡಿಯಮ್ಮಿನಲ್ಲಿ ಇದ್ದವರು 2,569 ಜನ. ಮಾರನೇ ದಿನ ಅವರು ಒಂದು ವಿಡಿಯೋ ಹಾಕಿದರು. ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಅಂತ ಕೈಮುಗಿದು ಕೇಳಿಕೊಂಡರು. ದೇಶದ ಕ್ಯಾಪ್ಟನ್, ಹ್ಯಾಟ್ರಿಕ್ ಹೊಡೆದ ಮರುದಿನ, ಬೈಸಿಕೊಳ್ಳಲಿಕ್ಕೂ ತಯಾರಿದ್ದೀನಿ ಬನ್ನಿ ಅನ್ನುತ್ತಾರೆ! ಅದನ್ನು ನೋಡಿ ನಾನು ಅತ್ತಿದ್ದೆ. ಜೂನ್ 4ಕ್ಕೆ ಕೀನ್ಯಾ ವಿರುದ್ಧದ ಮ್ಯಾಚಿನ ಟಿಕೆಟ್ ಪೂರ್ತಿ ಖಾಲಿ. ನಮ್ಮ ಮಲೆನಾಡಿನ ಹಾಗೆ ಜಡಿಮಳೆ, ಮೈದಾನದ ತುಂಬ ನೀರು. ಜನ ಕದಲಲಿಲ್ಲ. ಅದು ಛೆಟ್ರಿಯ ನೂರನೇ ಅಂತರರಾಷ್ಟ್ರೀಯ ಪಂದ್ಯ. ಎರಡು ಗೋಲು ಹೊಡೆದರು, ಭಾರತ 3–0.

ಬಿ.ಎಡ್. ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕಂಠೀರವಕ್ಕೆ ಬೆಂಗಳೂರು ಎಫ್‌ಸಿ ಮ್ಯಾಚಿಗೆ ಹೋಗುತ್ತಿದ್ದೆ. ಅಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ಆಟಗಾರರು ದೂರ ಕಾಣುತ್ತಾರೆ. ಆದರೂ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗದ ಹುಡುಗರು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ. ಮ್ಯಾಚ್ ಮುಗಿದ ಮೇಲೆ ಆಟಗಾರರು ಆ ಕಡೆ ನಡೆದು ಬಂದು ಚಪ್ಪಾಳೆ ತಟ್ಟುವುದನ್ನು ನೋಡಿದ್ದೇನೆ. ಸೋತ ದಿನವೂ ಬರುತ್ತಿದ್ದರು. ಸೋತ ದಿನದ ಆ ನಡಿಗೆ ಬೇರೆ ಥರ ಇರುತ್ತದೆ. ಮುಖ ಎತ್ತದೆ ಬರುವವರು ಕೆಲವರು, ಗ್ಯಾಲರಿಯಲ್ಲಿ ಯಾರನ್ನೋ ಹುಡುಕುವ ಹಾಗೆ ನೋಡುವವರು ಕೆಲವರು.

ಜನವೇ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದನ್ನು 2020ರಲ್ಲಿ ಜಗತ್ತೇ ನೋಡಿತು. ಕೊರೊನಾ ಮಧ್ಯೆ ಮೇ 16ಕ್ಕೆ ಜರ್ಮನಿಯ ಫುಟ್ಬಾಲ್ ಲೀಗ್ ಬುಂಡೆಸ್‌ಲೀಗಾ ಮತ್ತೆ ಶುರುವಾಯಿತು. ಡಾರ್ಟ್‌ಮುಂಡ್ ತಂಡ ಶಾಲ್ಕೆಯನ್ನು 4–0ರಲ್ಲಿ ಸೋಲಿಸಿತು. ಅವರ ಸ್ಟೇಡಿಯಮ್ಮಿನ ದಕ್ಷಿಣದ ಸ್ಟ್ಯಾಂಡ್‌ನಲ್ಲಿ ಸುಮಾರು 25 ಸಾವಿರ ಜನ ಹಳದಿ ಬಟ್ಟೆಯಲ್ಲಿ ನಿಂತು ನೋಡುತ್ತಾರೆ. ಆವತ್ತು ಒಬ್ಬರೂ ಇಲ್ಲ. ಮ್ಯಾಚ್ ಮುಗಿದ ಮೇಲೆ ಆಟಗಾರರು ಆ ಖಾಲಿ ಮೆಟ್ಟಿಲುಗಳ ಮುಂದೆ ಹೋಗಿ, ಜನ ಇದ್ದಾಗ ಮಾಡುವ ಹಾಗೇ ಸಂಭ್ರಮಿಸಿ ಬಂದರು. ಕ್ಯಾಮರಾಕ್ಕಾಗಿ ಮಾಡಿದ್ದು ಅಂತ ಕೆಲವರು ಅಂದಾರು. ನನಗೆ ಹಾಗನ್ನಿಸಲಿಲ್ಲ. ಆ ಸಮಯದಲ್ಲಿ ಅಲ್ಲಿ ತವರಿನ ತಂಡಗಳು ಗೆಲ್ಲುವುದೂ ಕಡಿಮೆಯಾಯಿತು. ಜನರ ಗಲಾಟೆ ಇಲ್ಲದಾಗ ರೆಫ್ರಿಗಳು ಹೊರಗಿನ ತಂಡಕ್ಕೆ ಹಳದಿ ಕಾರ್ಡ್ ತೋರಿಸುವುದೂ ಕಡಿಮೆಯಾಯಿತು ಅಂತ ಲೆಕ್ಕ ಹಾಕಿದವರು ಹೇಳಿದ್ದಾರೆ. ಅಂದರೆ ನಮ್ಮ ಕೂಗು ಆಟದ ಒಳಗೇ ಇದೆ.

ಹಾಗಂತ ಆಟಗಾರರಿಗೆ ನಮ್ಮ ಮೇಲೆ ಬರೀ ಕೃತಜ್ಞತೆ ಇದೆ ಅಂದುಕೊಳ್ಳಬೇಡಿ. ಭಯವೂ ಇದೆ.

2019ರ ಅಕ್ಟೋಬರ್ 27, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಕ್ಯಾಪ್ಟನ್ ಗ್ರಾನಿತ್ ಝಾಕಾ. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧದ ಮ್ಯಾಚಿನಲ್ಲಿ ಅವರನ್ನು ಹೊರಗೆ ಕರೆದಾಗ ತಮ್ಮದೇ ಜನ ಹೀಯಾಳಿಸಿದರು. ಝಾಕಾ ಕಿವಿಗೆ ಕೈ ಹಿಡಿದು, ಬೈದು, ಜೆರ್ಸಿ ಕಳಚಿ ಒಳಗೆ ನಡೆದರು. ಕ್ಯಾಪ್ಟನ್ ಪಟ್ಟ ಹೋಯಿತು. ಅದಕ್ಕೂ ಮೊದಲೇ ಅವರ ಹೆಂಡತಿಯನ್ನು ಕೊಲ್ಲುತ್ತೇವೆ, ಮಗಳಿಗೆ ಕ್ಯಾನ್ಸರ್ ಬರಲಿ ಅಂತೆಲ್ಲ ಜನ ಬರೆದಿದ್ದರು. ಪುಟ್ಟ ಮಗು ಅದು. ಆವತ್ತಿನ ಜನರ ಮುಖಗಳನ್ನು ಮರೆಯಲಾಗಿಲ್ಲ ಅಂತ ಎಷ್ಟೋ ಕಾಲದ ಮೇಲೆ ಝಾಕಾ ಹೇಳಿಕೊಂಡರು. ಅಣ್ಣ ಹೇಳಿದ್ದೂ ಮುಖದ ಮಾತನ್ನೇ ಅಲ್ವಾ? ಝಾಕಾ ಬ್ಯಾಗು ಕಟ್ಟಿದ್ದರೂ ಅಲ್ಲೇ ಉಳಿದರು. 2023ರ ಮೇನಲ್ಲಿ ಕೊನೆಯ ಮ್ಯಾಚಿನಲ್ಲಿ ಎರಡು ಗೋಲು ಹೊಡೆದಾಗ ಅದೇ ಸ್ಟೇಡಿಯಂ ಅವರ ಹೆಸರನ್ನು ಹಾಡಿತು. ನನಗೆ ಅದು ಖುಷಿಯ ಕಥೆ. ಆದರೆ ಜನ ಹಾಡಿದರು ಅಂತ ಆ ಮಗುವಿನ ಬಗ್ಗೆ ಬರೆದದ್ದು ಅಳಿಸಿಹೋಗುವುದಿಲ್ಲ.

2020ರ ಮಾರ್ಚಿನಲ್ಲಿ ಇಂಗ್ಲೆಂಡಿನದ್ದೇ ಟಾಟನ್‌ಹ್ಯಾಮ್ ಕ್ಲಬ್ಬಿನ ಆಟಗಾರ ಎರಿಕ್ ಡೈಯರ್ ಸೀಟುಗಳನ್ನು ಹತ್ತಿ ಪ್ರೇಕ್ಷಕರ ಮಧ್ಯೆ ನುಗ್ಗಿದರು. ಅವರನ್ನು ಬೈಯುತ್ತಿದ್ದ ಜಾಗದಲ್ಲಿ ಅವರ ತಮ್ಮ ಕೂತಿದ್ದ. ನಾಲ್ಕು ಮ್ಯಾಚ್ ನಿಷೇಧ, 40 ಸಾವಿರ ಪೌಂಡ್ ದಂಡ ಬಿತ್ತು. ನಿಯಮದ ಪ್ರಕಾರ ಶಿಕ್ಷೆ ಸರಿ. ಆದರೆ ಅಣ್ಣನ ಮ್ಯಾಚಿಗೆ ಹೋಗಿ ಕೂತಿದ್ದ ತಂಗಿಯಾಗಿ ಹೇಳುತ್ತೇನೆ, ಆ ತಮ್ಮನ ಜಾಗ ನನಗೆ ಗೊತ್ತು. ಪಕ್ಕದಲ್ಲಿ ಕೂತವನು ನಮ್ಮಮ್ಮನನ್ನು ಸೇರಿಸಿ ಬೈದಾಗ ನಾನು ಸುಮ್ಮನೆ ಬೆರಳು ಹಿಚುಕಿಕೊಂಡು ಕೂತಿದ್ದೆ.

ಇನ್ನೊಂದು ಆರೋಪ ಇದೆ: ದುಡ್ಡಿಗೆ ಆಡುವವರು, ನಾಳೆ ಬೇರೆ ಕ್ಲಬ್, ಅವರಿಗೇನು ಪ್ರೀತಿ? ಅರ್ಜೆಂಟೀನಾದ ಆಟಗಾರ ಗೇಬ್ರಿಯಲ್ ಬಟಿಸ್ಟುಟಾ ನೆನಪಾಗುತ್ತಾರೆ. 1993ರಲ್ಲಿ ಅವರ ಕ್ಲಬ್, ಇಟಲಿಯ ಫಿಯೊರೆಂಟಿನಾ, ಕೆಳಗಿನ ದರ್ಜೆಗೆ ಬಿದ್ದಾಗಲೂ ಬಿಟ್ಟುಹೋಗದೆ ಜೊತೆಗಿದ್ದರು. 2000ದಲ್ಲಿ ರೋಮಾಗೆ ಹೋದರು. ಅದೇ ವರ್ಷ ನವೆಂಬರಿನಲ್ಲಿ ಫಿಯೊರೆಂಟಿನಾ ಎದುರು ರೋಮಾ 1–0ರಲ್ಲಿ ಗೆದ್ದಿತು. ಆ ಗೋಲು ಬಟಿಸ್ಟುಟಾ ಅವರದ್ದೇ. ಹೊಡೆದು ನಿಂತು ಅತ್ತರು. ಹೊಸ ಜೊತೆಗಾರರು ತಬ್ಬಿಕೊಂಡು ಕುಣಿಯುತ್ತಿದ್ದರೆ ಅವರ ಕಣ್ಣಲ್ಲಿ ನೀರು. ಸಂಬಳ ತಗೊಂಡು ಮಾಡುವ ಕೆಲಸದಲ್ಲೂ ಮನಸ್ಸು ಇರುತ್ತದೆ. ನಾನೂ ಸಂಬಳಕ್ಕೇ ಪಾಠ ಮಾಡುತ್ತೇನೆ, ಹಾಗಂತ ಮಕ್ಕಳು ಬೇಡವಾಗಿದ್ದಾರಾ?

ಮೊಬೈಲಿನಲ್ಲಿ ಬೈಯುವುದರ ಬಗ್ಗೆ ಒಂದು ಮಾತು. ಮಂಕಿ ಕ್ಯಾಪ್ ತಾತ ಟಿಕೆಟ್ ತಗೊಂಡು, ಮುಖ ತೋರಿಸಿ, ತಪ್ಪು ಏನಂತ ಹೇಳಿ ಬೈದ. ಫೋನಿನಲ್ಲಿ ಬರೆಯುವವನಿಗೆ ಮುಖವೇ ಇಲ್ಲ. 2021ರ ಯುರೋ ಫೈನಲ್ಲಿನಲ್ಲಿ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಇಂಗ್ಲೆಂಡಿನ ಬುಕಾಯೊ ಸಾಕಾಗೆ ಆಗ 19 ವರ್ಷ. ನಮ್ಮ ಶಾಲೆ ಬಿಟ್ಟು ಹೋದ ಹುಡುಗರ ವಯಸ್ಸು. ಮೈಬಣ್ಣ ಹಿಡಿದು ಅವನಿಗೆ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮಕ್ಕಳ ಕೈಯಲ್ಲೂ ಅದೇ ಫೋನ್ ಇದೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚ್ ಸೋತ ರಾತ್ರಿ ನಮ್ಮ ಬೆಂಗಳೂರು ತಂಡದ ಗೋಲ್‌ಕೀಪರಿಗೆ ಏನೆಲ್ಲ ಬರೆಯುತ್ತಾರೆ ಅಂತ ನೋಡಿದರೆ ಎದೆ ಉರಿಯುತ್ತದೆ. ಕನ್ನಡದಲ್ಲೇ ಬರೆದಿರುತ್ತಾರೆ.

ಮಳೆ ಸ್ವಲ್ಪ ಹೊಳವಾದ ಕೂಡಲೇ ತಾಲೂಕು ಮಟ್ಟದ ಶಾಲಾ ಪಂದ್ಯಗಳು ಶುರುವಾಗುತ್ತವೆ. ನಮ್ಮ ಹುಡುಗಿಯರ ತಂಡವೂ ಇದೆ. ಗೋಲ್‌ಕೀಪರ್ ಒಂಬತ್ತನೇ ಕ್ಲಾಸಿನವಳು, ಅಣ್ಣನೇ ಭಾನುವಾರ ಬಂದು ಹೇಳಿಕೊಡುತ್ತಿದ್ದಾನೆ. ಅವಳೂ ಹತ್ತಿರದ ಕಂಬ ಬಿಟ್ಟು ನಿಲ್ಲುತ್ತಾಳೆ. ಕಳೆದ ಸಲ ನೋಡಲು ಬಂದವರು ಇಬ್ಬರು ಮೇಷ್ಟ್ರು, ಒಬ್ಬರು ಅಮ್ಮ. ಶಿವಮೊಗ್ಗದಲ್ಲಿ ಇರುವವರು, ಬಿಡುವಿದ್ದರೆ ಬನ್ನಿ. ಕೊಡೆ ತನ್ನಿ, ಮೈದಾನದಲ್ಲಿ ನೆರಳು, ಮಾಡು ಯಾವುದೂ ಇಲ್ಲ. ತಪ್ಪು ಕಂಡರೆ ಕೂಗಿ ಹೇಳಿ, ಅವಳಿಗೆ ಕೇಳಿಸುತ್ತದೆ.