ಸಬ್‌ಟೈಟಲ್ ಮುಚ್ಚಿಟ್ಟ ಮಾತು

ಡಿಸೆಂಬರ್‌ನಲ್ಲಿ ಮಾಲ್ಮೋದಲ್ಲಿ ಮೂರೂವರೆಗೆಲ್ಲ ಕತ್ತಲು. ತಂಗಿಯ ಮನೆಗೆ ಹೋಗಿದ್ದೆ. ಶನಿವಾರ, ಹೊರಗೆ ಬಿಡದ ಮಳೆ. ಇಬ್ಬರೂ ಒಂದೇ ಕಂಬಳಿ ಹೊದ್ದು 'ದಿ ಬ್ರಿಡ್ಜ್' ನೋಡಲು ಕೂತೆವು. 2011ರ ಸರಣಿ. ಊರಲ್ಲಿ ನಾನು ಎರಡು ಸಲ ನೋಡಿದ್ದೆ, ಅಷ್ಟು ಇಷ್ಟ.

ಸ್ವೀಡನ್ನಿನ ಮಾಲ್ಮೋಗೂ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೂ ನಡುವಿನ ಓರೆಸುಂಡ್ ಸೇತುವೆ. ದೀಪಗಳು ಆರುತ್ತವೆ. ಮತ್ತೆ ಹತ್ತಿದಾಗ ಸರಿಯಾಗಿ ಗಡಿಗೆರೆಯ ಮೇಲೆ ಒಂದು ಹೆಣ. ಸೊಂಟದಿಂದ ಮೇಲಿನದು ಸ್ವೀಡಿಷ್ ರಾಜಕಾರಣಿಯದು, ಕೆಳಗಿನದು ಇನ್ನೊಬ್ಬಳದು. ಹಾಗಾಗಿ ಎರಡೂ ದೇಶದ ಪೊಲೀಸರು ಬರಲೇಬೇಕು. ಸ್ವೀಡನ್ನಿನ ಸಾಗಾ ನೊರೇನ್‌ಗೆ ನಿಯಮ ಅಂದ್ರೆ ನಿಯಮ. ಡೆನ್ಮಾರ್ಕಿನ ಮಾರ್ಟಿನ್ ರೋಡೆ ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವವನು. ಹೃದಯದ ರೋಗಿಯಿದ್ದ ಆಂಬುಲೆನ್ಸನ್ನು ಅವಳು ತಡೆಯುತ್ತಾಳೆ, ಅವನು ಬಿಡುತ್ತಾನೆ. ಅವಳು ಅವನ ಮೇಲೇ ದೂರು ಬರೆಯುತ್ತಾಳೆ!

ತಂಗಿ ಅಲ್ಲಿಗೆ ನಿಲ್ಲಿಸಿದಳು. "ಅಕ್ಕಾ, ಇವರಿಬ್ಬರೂ ಬೇರೆ ಬೇರೆ ಭಾಷೆ ಆಡ್ತಿದ್ದಾರೆ ಕಣೇ. ಗೊತ್ತಾಯ್ತಾ?"

ನನಗೆ ಗೊತ್ತೇ ಆಗಿರಲಿಲ್ಲ. ಸಾಗಾ ಸ್ವೀಡಿಷ್‌ನಲ್ಲಿ ಕೇಳುತ್ತಾಳೆ, ಮಾರ್ಟಿನ್ ಡೇನಿಷ್‌ನಲ್ಲೇ ಉತ್ತರ ಕೊಡುತ್ತಾನೆ. ಕೆಳಗೆ ಬರುವ ಇಂಗ್ಲಿಷ್ ಸಾಲಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. "ಕಣ್ಣು ಮುಚ್ಚಿ ಕೇಳು" ಅಂತ ಹಿಂದಕ್ಕೆ ಹೋಗಿ ಮತ್ತೆ ಹಾಕಿದಳು. ಸಾಗಾಳ ಮಾತು ಏರಿ ಇಳಿದು ಬಿಡಿಬಿಡಿಯಾಗಿ ಬಂತು. ಮಾರ್ಟಿನ್‌ನದು ಅರ್ಧ ಗಂಟಲಲ್ಲೇ ಕರಗುತ್ತಿತ್ತು. ಇಷ್ಟು ದಿನ ನಾನು ಓದಿದ್ದೆ, ಕೇಳಿರಲಿಲ್ಲ.

ಮಾರನೇ ದಿನ ರೈಲು ಹತ್ತಿ ಕೋಪನ್‌ಹೇಗನ್‌ಗೆ ಹೊರಟೆವು. ಸುಮಾರು 8 ಕಿಲೋಮೀಟರ್ ಸೇತುವೆ. ರಸ್ತೆ ಮೇಲೆ, ರೈಲು ಅದರ ಕೆಳಗೆ. ಕಿಟಕಿಯಾಚೆ ಉಕ್ಕಿನ ಓರೆ ಕಂಬಗಳು ಹಿಂದಕ್ಕೆ ಓಡುತ್ತಿದ್ದವು, ಸಂದಿಯಲ್ಲಿ ಬೂದು ಸಮುದ್ರ. ಹೆಣ ಸಿಕ್ಕಿದ ಆ ಗೆರೆ ನಮ್ಮ ತಲೆಯ ಮೇಲೆ ಯಾವಾಗ ದಾಟಿತೋ ತಿಳಿಯಲೇ ಇಲ್ಲ.

ಅಲ್ಲೊಂದು ಬೇಕರಿಯಲ್ಲಿ ತಂಗಿ ಸ್ವೀಡಿಷ್‌ನಲ್ಲಿ ಕಾಫಿ, ಬನ್ ಕೇಳಿದಳು. ಕೌಂಟರಿನ ಹುಡುಗಿ ಡೇನಿಷ್‌ನಲ್ಲಿ ಬೆಲೆ ಹೇಳಿದಳು: "ಹಾಲ್‌ಟ್ರೆಸ್." ತಂಗಿ ಒಂದು ಗಳಿಗೆ ಸುಮ್ನೆ ನಿಂತಳು. ಸ್ವೀಡಿಷ್‌ನಲ್ಲಿ 50 ಅಂದ್ರೆ ಐದು ಹತ್ತು. ಡೇನಿಷ್‌ನಲ್ಲಿ ಇಪ್ಪತ್ತರ ಲೆಕ್ಕ, ಎರಡೂವರೆ ಇಪ್ಪತ್ತು. ಹುಡುಗಿಗೆ ಇದು ದಿನದ ಪಾಡೇನೋ. ನಗುತ್ತಾ ಕೈ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದಳು. ಎರಡು ಭಾಷೆ ಹೀಗೆ ಎದುರುಬದುರು ನಿಂತಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ರಾತ್ರಿ ಮುಂದಿನ ಕಂತು. ಸಬ್‌ಟೈಟಲ್ ತೆಗಿ ಅಂದೆ. ಸಾಗಾ ಏನೋ ಕೇಳಿದಳು, ಮಾರ್ಟಿನ್ ಏನೋ ಅಂದ. ತಂಗಿ ನನ್ನ ಭುಜಕ್ಕೆ ಒರಗಿಕೊಂಡು ಕನ್ನಡದಲ್ಲಿ ಮೆಲ್ಲಗೆ ಹೇಳುತ್ತಾ ಹೋದಳು.