ಮೆರ್ಕದಾಂತೆಯನ್ನು ಹುಡುಕಿ ದಕ್ಷಿಣ ಇಟಲಿಗೆ

ವೆರ್ದಿ, ರೊಸ್ಸಿನಿಯರ ಒಪೆರಾ ಕೇಳಬೇಕೆನ್ನುವವರಿಗೆ ಇಟಲಿಯಲ್ಲಿ ಯಾವ ದೊಡ್ಡ ಊರಾದರೂ ಆದೀತು. ಅವರ ಕಾಲದಲ್ಲೇ ಅರವತ್ತರಷ್ಟು ಒಪೆರಾಗಳನ್ನು ರಚಿಸಿ, ಈಗ ರಂಗಮಂದಿರಗಳ ಪಟ್ಟಿಯಿಂದ ಹೆಚ್ಚುಕಡಿಮೆ ಮರೆಯಾಗಿರುವ ಸವೇರಿಯೊ ಮೆರ್ಕದಾಂತೆಯಂಥವರು ಬೇಕೆಂದರೆ ದಕ್ಷಿಣಕ್ಕೆ, ಅದರಲ್ಲೂ ಜುಲೈ ಮಧ್ಯದ ನಂತರ ಹೋಗುವುದು ಒಳ್ಳೆಯದು. ಆಗ ಪುಲ್ಯಾ ಪ್ರಾಂತ್ಯದ ಮಾರ್ತಿನಾ ಫ್ರಾಂಕಾದಲ್ಲಿ, ಮೂಲೆಗುಂಪಾದ ಒಪೆರಾಗಳನ್ನು ಮತ್ತೆ ರಂಗಕ್ಕೆ ತರುವುದಕ್ಕೇ ಹೆಸರಾದ, 1975ರಲ್ಲಿ ಆರಂಭವಾದ ವಾಲೆ ದಿತ್ರಿಯಾ ಉತ್ಸವ ನಡೆಯುತ್ತದೆ. ಆ ವರ್ಷದ ಪಟ್ಟಿಯನ್ನು ನೋಡಿಕೊಂಡೇ ವಿಮಾನದ ಟಿಕೆಟ್ ಕೊಳ್ಳಿ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಬೇಸಿಗೆಯ ನೂಕುನುಗ್ಗಲಿನಲ್ಲಿ ಕೊನೆಯವರೆಗೆ ಕಾಯುವುದು ಜಾಣತನವಲ್ಲ.

ಪ್ರಯಾಣವನ್ನು ನೇಪಲ್ಸ್‌ನಿಂದ ತೊಡಗಿಸಿದರೆ ಉಳಿದದ್ದಕ್ಕೆ ಅರ್ಥ ಬರುತ್ತದೆ. ಹಳೆಯ ಊರಿನ ನಡುವೆ ಇರುವ ಸಾನ್ ಪಿಯೆತ್ರೊ ಅ ಮಾಯೆಲ್ಲಾ ಸಂಗೀತ ಶಾಲೆಗೆ ಮೆರ್ಕದಾಂತೆ 1840ರಿಂದ 1870ರಲ್ಲಿ ಸಾಯುವವರೆಗೂ ನಿರ್ದೇಶಕನಾಗಿದ್ದ. 1862ರಲ್ಲಿ ಕಣ್ಣು ಪೂರ್ತಿ ಹೋದ ಮೇಲೂ ಆ ಹುದ್ದೆಯಲ್ಲೇ ಮುಂದುವರಿದ. ಅಲ್ಲಿನ ಗ್ರಂಥಪಾಲಕನಾಗಿದ್ದ ಫ್ಲೋರಿಮೊನಿಗೆ 1838ರಲ್ಲಿ ಬರೆದ ಪತ್ರದಲ್ಲಿ ಈತ, ಕ್ಷುಲ್ಲಕವಾದ ಕಬಲೆತ್ತಾಗಳನ್ನೂ (ಹಾಡಿನ ಕೊನೆಯ ಚುರುಕು ಭಾಗ) ಸವಕಲಾದ ಕ್ರೆಶೆಂದೊಗಳನ್ನೂ (ದನಿ ಕ್ರಮೇಣ ಏರುತ್ತ ಹೋಗುವುದು) ಕೈಬಿಟ್ಟು ಹೊಸ ರೂಪಗಳನ್ನು ಪ್ರಯತ್ನಿಸುತ್ತಿರುವುದಾಗಿ ತಿಳಿಸಿದ್ದಾನೆ. ವೆರ್ದಿಯ ಮೊದಲ ಒಪೆರಾ ರಂಗಕ್ಕೆ ಬಂದದ್ದು ಅದರ ಮರುವರ್ಷ. ಮೆರ್ಕದಾಂತೆ ಹದ ಮಾಡಿದ ನೆಲದಲ್ಲಿ ಬೆಳೆ ತೆಗೆದವನು ವೆರ್ದಿ ಎಂಬುದು ನನ್ನ ಅಭಿಪ್ರಾಯ. ಶಾಲೆಯ ಗ್ರಂಥಾಲಯದ ಹಸ್ತಪ್ರತಿಗಳನ್ನು ನೋಡಬಯಸುವವರು ಹೊರಡುವ ಮೊದಲೇ ಪತ್ರ ಬರೆದು ಅನುಮತಿ ಕೇಳುವುದು ಕ್ಷೇಮ. ಸಾನ್ ಕಾರ್ಲೊ ರಂಗಮಂದಿರವನ್ನು ಒಳಗಿನಿಂದ ನೋಡಲು ಮಾರ್ಗದರ್ಶಕರೊಂದಿಗಿನ ಭೇಟಿಯ ಸೌಲಭ್ಯವಿದೆ. ಮೆರ್ಕದಾಂತೆಯ ಸಮಕಾಲೀನ ಸಂಗೀತ ರಚನಕಾರ ಪಚೀನಿಯ ಒಪೆರಾ 'ಸಾಫೊ' 1840ರಲ್ಲಿ ಮೊದಲು ನಡೆದದ್ದು ಇಲ್ಲಿಯೇ. ಹತ್ತಿರದಲ್ಲೇ ಮೆರ್ಕದಾಂತೆಯ ಹೆಸರಿನ ರಂಗಮಂದಿರವೂ ಇದೆಯಾದರೂ ಅಲ್ಲಿ ಈಗ ನಡೆಯುವುದು ಮುಖ್ಯವಾಗಿ ನಾಟಕ.

ನೇಪಲ್ಸ್‌ನಿಂದ ಪುಲ್ಯಾದ ಮುಖ್ಯ ನಗರವಾದ ಬಾರಿಗೆ ಬಸ್ಸೇ ಅನುಕೂಲ. ಬಾರಿಯಿಂದ ಮೆರ್ಕದಾಂತೆಯ ಹುಟ್ಟೂರಾದ ಅಲ್ತಾಮುರಾಕ್ಕೆ ಅಪ್ಪುಲೊ ಲುಕಾನೆ ಎಂಬ ಕಿರುರೈಲಿದೆ. ಅದರ ನಿಲ್ದಾಣ ಮುಖ್ಯ ನಿಲ್ದಾಣದ ಪಕ್ಕದಲ್ಲಿ ಬೇರೆಯೇ ಇದ್ದು, ಟಿಕೆಟ್ಟೂ ಬೇರೆ. ಭಾನುವಾರ ಈ ಮಾರ್ಗವನ್ನು ನಂಬಿಕೊಳ್ಳಬೇಡಿ. ಊರಿನಲ್ಲಿ ಆತನ ಹೆಸರಿನ, 1895ರ ರಂಗಮಂದಿರವನ್ನೂ ಪ್ರಧಾನ ಚರ್ಚನ್ನೂ ನೋಡಲು ಅರ್ಧ ದಿನ ಸಾಕು. ಗಟ್ಟಿಗೋಧಿಯ ಬ್ರೆಡ್ಡಿಗೂ ಈ ಊರು ಪ್ರಸಿದ್ಧ. ಸಸ್ಯಾಹಾರಿಗಳಿಗೆ ಅದೇ ಊಟವಾಗಬಲ್ಲದು.

ಮಾರ್ತಿನಾ ಫ್ರಾಂಕಾಕ್ಕೂ ಬಾರಿಯಿಂದಲೇ ಹೋಗಬೇಕು. 1831ರಲ್ಲೇ ಸಿದ್ಧವಾಗಿದ್ದರೂ ಮೆರ್ಕದಾಂತೆ ಬದುಕಿರುವಾಗ ಒಮ್ಮೆಯೂ ಪ್ರದರ್ಶನ ಕಾಣದ 'ಫ್ರಾಂಚೆಸ್ಕಾ ದ ರಿಮಿನಿ' ಮೊದಲು ರಂಗವೇರಿದ್ದು 2016ರಲ್ಲಿ, ಇಲ್ಲಿನ ಅರಮನೆಯ ಅಂಗಳದಲ್ಲಿ. ಆಟ ಸಾಮಾನ್ಯವಾಗಿ ರಾತ್ರಿ ಒಂಬತ್ತಕ್ಕೆ, ಬಯಲಿನಲ್ಲೇ ಶುರುವಾಗುತ್ತದೆ. ಊರು ಎತ್ತರದಲ್ಲಿರುವುದರಿಂದ ಹಗಲಿನ ಸೆಕೆಯನ್ನು ನಂಬದೆ ತೆಳುವಾದ ಶಾಲೊಂದನ್ನು ಇಟ್ಟುಕೊಳ್ಳಿ. ದೀರ್ಘ ಒಪೆರಾ ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ, ಆ ಹೊತ್ತಿಗೆ ಬಾರಿಗೆ ಮರಳುವ ರೈಲು ಸಿಗುವುದಿಲ್ಲ; ಆದ್ದರಿಂದ ವಸತಿಯನ್ನು ಅರಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಪೆರಾದ ಟಿಕೆಟ್ ಕೊಂಡ ದಿನವೇ ಕಾದಿರಿಸಿಕೊಳ್ಳಿ.